ಆರು ಸೂತ

೮ ಫೆಬ್ರುವರಿ ೨೦೦೯, ಭಾನುವಾರ. ಮೂಡಲಗಿ

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆಗುತ್ತಿತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಸರಿಯಾಗಿ ಕಲಿತದ್ದು ಅದೊಂದೇ. ಅದನ್ನೂ ಮನೆಗೆ ಬಂದಾಗ ಮರೆಯುತ್ತೇನೆ.

ಬೆಳಿಗ್ಗೆ ಧರಣೇಂದ್ರ ಕಾಕಾ ಅಪ್ಪನನ್ನು ನೋಡಲು ಬಂದಿದ್ದರು. ಗೋಕಾಕದಲ್ಲಿ ಬೆಲ್ಲದ ವ್ಯಾಪಾರ ಅವರದು, ಅವರ ಓಣಿಯ ಬಸದಿಯ ಕಮಿಟಿಯಲ್ಲಿದ್ದಾರೆ. ನೆಲದ ಮೇಲೆ ಕೂರಲಾಗದ ಮುದುಕಿಯರಿಗೆಂದು ದೀಪಾವಳಿ ಹೊತ್ತಿಗೇ ಅಪ್ಪನಿಗೆ ನಲವತ್ತು ಸ್ಟೂಲು ಹೇಳಿದ್ದರು. ಕಂಡೀಷನ್ ಬಹಳ. ಸರೇಸು ಹಚ್ಚಬಾರದು, ಅದು ಚರ್ಮ ಕುದಿಸಿ ಮಾಡುವ ಅಂಟು, ಬಸದಿಯೊಳಗೆ ನಡೆಯುವುದಿಲ್ಲ. ಮೊಳೆಯೂ ಬೇಡ, ಸೀರೆಗೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿ, ರೊಟ್ಟಿಯ ಹಾಗೆ ಒಂದರ ಮೇಲೊಂದು ಕಪಾಟಿನಲ್ಲಿ ಇಡುವಂತಿರಬೇಕು. ಮಹಾವೀರ ಜಯಂತಿಗೆ ಬೇಕು, ಅಂದರೆ ಏಪ್ರಿಲ್ ೭ಕ್ಕೆ.

ಡಿಸೆಂಬರಿನಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಮಾತು ಅರ್ಧ ವಾಪಸ್ ಬಂದಿದೆ. ಬಲಗೈ ಬಂದಿಲ್ಲ. ಬೇರೆ ಯಾರೋ ಮರೆತು ಹೋದ ಕೈಯಂತೆ ಅವರ ತೊಡೆಯ ಮೇಲೆ ಬಿದ್ದಿರುತ್ತದೆ.

ಕಾಕಾ ಚಹಾ ಕುಡಿದು, ಬೇರೆ ಕಡೆ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಂತ ಮೆಲ್ಲಗೆ ಹೇಳಿದರು. ಅಪ್ಪ ತಲೆಯಾಡಿಸಿದರು. ಅಲ್ಲಿಗೆ ಮುಗಿಯುತ್ತಿತ್ತು. ನಾನು ನಡುವೆ ಬಾಯಿ ಹಾಕಿದೆ. ಡ್ರಾಯಿಂಗ್ ನಾನು ಮಾಡಿಕೊಡುತ್ತೇನೆ, ನಿಮ್ಮ ಅಭಿನಂದನ ಅವರ ಮಶಿನ್ ಕಟ್ ಮಾಡಲಿ ಅಂದೆ. ಅಭಿನಂದನ ಅಂದರೆ ಕಾಕಾನ ಅಣ್ಣನ ಮಗ, ಗೋಕಾಕದಲ್ಲಿ ಹೊಸದಾಗಿ ಕಂಪ್ಯೂಟರ್ ಮಶಿನ್ ಹಾಕಿದ್ದಾರೆ. ಗೆರೆ ಎಳೆದು ಕೊಟ್ಟರೆ ಅದು ಹಲಗೆಯನ್ನು ಹಾಗೆಯೇ ಕೊರೆಯುತ್ತದೆ. ಸದ್ಯಕ್ಕೆ ಬಾಗಿಲಿನ ಮೇಲೆ ನವಿಲು ಕೊರೆಯುತ್ತಾರೆ.

ಕಾಕಾ ಅಪ್ಪನ ಮುಖ ನೋಡಿದರು. ಅಪ್ಪ ನನ್ನ ಮುಖ ನೋಡಿದರು. ಹೂಂ ಅಂದುಬಿಟ್ಟರು.

ಆಮೇಲೆ ಅಪ್ಪ ಅವ್ವನಿಗೆ ಹೇಳುತ್ತಿದ್ದುದು ಅಡಿಗೆಮನೆಯಿಂದ ಕೇಳಿಸಿತು. ಅಪ್ಪನ ಬಡಗಿ ದುಕಾನದ ಮಾಲಕ ಮಾಲಿಂಗಪ್ಪ ಖಾಲಿ ಮಾಡಿಕೊಡು ಅನ್ನುತ್ತಿದ್ದಾನಂತೆ. ಒಂದೇ ಕೈಯವನಿಗೆ ದುಕಾನ ಯಾಕೆ ಅಂತ. ಜಯಂತಿಯ ತನಕ ತಡಿ ಅಂದಿದ್ದಾರೆ ಅಪ್ಪ. "ಈ ನಲವತ್ತು ನಿಂತ್ರ ದುಕಾನ ಇಟ್ಕೋತೇನಿ. ಇಲ್ಲಂದ್ರ ಕೀಲಿ ಕೊಡ್ತೇನಿ, ಗುಡುಬಿ." ಗುಡುಬಿ ಅವ್ವನ ಹೆಸರು.

ನಾನು ಇಂಜಿನಿಯರಿಂಗ್ ಫಸ್ಟ್ ಇಯರ್. ಒಂದು ಸೆಮಿಸ್ಟರಿನ ಡ್ರಾಯಿಂಗ್ ಆಗಿದೆ. ಅದರಲ್ಲಿ ಐವತ್ತಕ್ಕೆ ಇಪ್ಪತ್ತೆಂಟು.

೧೧ ಫೆಬ್ರುವರಿ, ಬುಧವಾರ. ಹುಕ್ಕೇರಿ, ಹಾಸ್ಟೆಲ್

ಮೂರೇ ತುಂಡು. ಎರಡು ಕಾಲಿನ ಹಲಗೆ: ಒಂದಕ್ಕೆ ಮೇಲಿನಿಂದ ಅರ್ಧದವರೆಗೆ ಸೀಳು, ಇನ್ನೊಂದಕ್ಕೆ ಕೆಳಗಿನಿಂದ. ಒಂದರೊಳಗೊಂದು ಹೊಕ್ಕರೆ ಗುಣಾಕಾರದ ಚಿಹ್ನೆಯ ಹಾಗೆ ನಿಲ್ಲುತ್ತವೆ. ಮೇಲೆ ಕೂರುವ ಹಲಗೆ, ಅದಕ್ಕೆ ನಾಲ್ಕು ತೂತು. ಕಾಲುಗಳ ನಾಲ್ಕು ಕೊಂಬು ಆ ತೂತಿನಲ್ಲಿ ಸಿಗುತ್ತವೆ. ಬಿಚ್ಚಿದರೆ ಮೂರು ಚಪ್ಪಟೆ ಹಲಗೆ.

ಪೇಪರಿನಲ್ಲಿ ಎಲ್ಲವೂ ನಿಲ್ಲುತ್ತದೆ. ರಟ್ಟಿನಲ್ಲಿ ಮಾಡಿ ಮೇಲೆ ಮ್ಯಾಥ್ಸ್ ಪುಸ್ತಕ ಇಟ್ಟೆ, ನಿಂತಿತು. ಇಷ್ಟು ಈಸಿ ಇದ್ದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ನನಗೆ ಗೊತ್ತಿಲ್ಲದ್ದು ಏನೋ ಇದೆ. ಯಾವಾಗಲೂ ಇರುತ್ತದೆ.

೧೫ ಫೆಬ್ರುವರಿ, ಭಾನುವಾರ. ಮೂಡಲಗಿ

ಅಪ್ಪನಿಗೆ ಡ್ರಾಯಿಂಗ್ ತೋರಿಸಿದೆ. ಎಡಗೈಯಲ್ಲಿ ಕಾಗದ ಹಿಡಿದು ಬಹಳ ಹೊತ್ತು ನೋಡಿದರು. ಅಪ್ಪನ ಜೊತೆ ಒಂದೇ ವಿಷಯದ ಮೇಲೆ ಇಷ್ಟು ಹೊತ್ತು ಕೂತ ನೆನಪಿಲ್ಲ. ರಜೆಯಲ್ಲಿ ಬಂದಾಗ ಊಟ ಆತೇನ, ಅಭ್ಯಾಸ ಹೆಂಗೈತಿ, ಇಷ್ಟೇ ಕೇಳುತ್ತಿದ್ದರು. ಹೂಂ, ಚಲೋ ಐತಿ, ಇಷ್ಟೇ ನನ್ನ ಆನ್ಸರ್.

ಹಲಗೆ ಎಷ್ಟು ದಪ್ಪದ್ದು ಅಂತ ಕೇಳಿದೆ. ಆರು ಸೂತ ಅಂದರು. ಅವರಿಗೆ ಎಂಎಂ ಬರುವುದಿಲ್ಲ. ಒಂದು ಇಂಚಿಗೆ ಎಂಟು ಸೂತ. ಆರು ಅಂದರೆ ಮುಕ್ಕಾಲು ಇಂಚು. ಕ್ಯಾಲ್ಕ್ಯುಲೇಟರಿನಲ್ಲಿ ಮಾಡಿದೆ: ೧೯.೦೫ ಎಂಎಂ. ಇನ್ನೂ ಸೂತದಲ್ಲೇ ಅಳೆಯುವುದನ್ನು ಕ್ಲಾಸಿನಲ್ಲಿ ಹೇಳಿದರೆ ನಗುತ್ತಾರೆ.

ಅಟ್ಟದ ಮೇಲೆ ಹಳೆಯ ಪ್ಲೈವುಡ್ ಇದೆ, ಸ್ಯಾಂಪಲ್ಲಿಗೆ ಅದನ್ನೇ ಒಯ್ಯಿ ಅಂದರು. ನಾನು ಏಳುವಾಗ ಇನ್ನೊಂದು ಮಾತು ಹೇಳಿದರು. "ಹಲಗಿನ ಕೇಳಿ ಗೀರ ಹಾಕ್ಬೇಕ, ಬೇಟಾ." ಹಲಗೆ ಮಾತಾಡುತ್ತದಂತೆ. ಸ್ವೀಟ್ ಆಗಿದೆ, ಬರೆದಿಟ್ಟಿದ್ದೇನೆ.

೨೨ ಫೆಬ್ರುವರಿ, ಭಾನುವಾರ. ಗೋಕಾಕ ಬಸ್‌ಸ್ಟ್ಯಾಂಡ್

ಫೇಲ್. ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ.

ಅಟ್ಟದ ಹಲಗೆಯ ಚೂರನ್ನು ಕಾಲೇಜಿಗೆ ಒಯ್ದು ವರ್ನಿಯರಿನಲ್ಲಿ ನೋಡಿದ್ದೆ. ೧೯.೦೪. ಅಪ್ಪನ ಆರು ಸೂತ ಕರೆಕ್ಟ್ ಇತ್ತು. ಸೀಳು, ತೂತು ಎಲ್ಲಾ ೧೯.೦೫ ಇಟ್ಟಿದ್ದೆ. ಆದರೂ ಕೊಂಬು ತೂತಿನೊಳಗೆ ಹೋಗಲೇ ಇಲ್ಲ. ಅಭಿನಂದನ ಅವರು ಬಗ್ಗಿ ನೋಡಿ, ಕೊರೆಯುವ ಬಿಟ್ ದುಂಡಗಿರುತ್ತದೆ, ಆದ್ದರಿಂದ ಒಳಮೂಲೆ ಎಂದೂ ಚೌಕ ಬರುವುದಿಲ್ಲ ಅಂದರು. ಚೌಕ ಕೊಂಬು, ದುಂಡು ಮೂಲೆ. "ಇಂಜಿನಿಯರ್ ಬಾಯಾರ, ಇದನ್ನ ನಿಮ್ಮ ಕಾಲೇಜಿನ್ಯಾಗ ಹೇಳಿಲ್ಲೇನ್ರಿ?" ಅಂದಾಗ ಅವರ ಕೆಲಸದವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇರುವುದು ಹೇಗೆ ಅಂತ ಗೊತ್ತಾಗಲಿಲ್ಲ.

ಮೂಲೆಯಲ್ಲಿ ಸ್ವಲ್ಪ ಹೊರಗೆ ಕೊರೆಸಿಬಿಡಿ, ಕೊಂಬಿನ ತುದಿಗೆ ಜಾಗ ಆಗುತ್ತದೆ ಅಂತಲೂ ಅವರೇ ಹೇಳಿದರು. ಕೆಟ್ಟವರಲ್ಲ.

೨೪ ಫೆಬ್ರುವರಿ

ಮ್ಯಾಥ್ಸ್ ಇಂಟರ್ನಲ್ಸ್. ಇಪ್ಪತ್ತೈದಕ್ಕೆ ಒಂಬತ್ತು.

೮ ಮಾರ್ಚ್, ಭಾನುವಾರ. ಮೂಡಲಗಿ

ಕೂತಿತು.

ಎಲ್ಲಾ ಒಳಮೂಲೆಗಳಿಗೂ ಸಣ್ಣ ದುಂಡು ಕಿವಿ ಇಟ್ಟು ಮತ್ತೆ ಡ್ರಾಯಿಂಗ್ ಮಾಡಿದ್ದೆ. ಗೋಕಾಕದಿಂದ ಬಸ್ಸಿನಲ್ಲಿ ಮೂರು ಹಲಗೆ ಮಡಿಲಲ್ಲಿ ಇಟ್ಟುಕೊಂಡು ತಂದೆ. ಅಪ್ಪ ತೂತಿನ ಮೂಲೆಗೆ ಬೆರಳಿಟ್ಟು, ಇದ್ಯಾಕ ಇಲಿ ಕಡದಂಗ ಐತಿ ಅಂತ ಕೇಳಿದರು. ಹೇಳಿದೆ. ಮಶಿನ್ನಿಗೆ ಮೂಲೆ ಬರುವುದಿಲ್ಲ ಅಂದಾಗ ಅವರ ಮುಖದಲ್ಲಿ ಏನೋ ಬಂತು. ಖುಷಿ ಅಂತ ಬರೆಯಲು ಹೆದರಿಕೆ.

ಕೊಡತಿ ನನ್ನ ಕೈಗೆ ಕೊಟ್ಟರು. ಒಂದು ಏಟು, ಇನ್ನೊಂದು. ಕೊಂಬು ಒಳಗೆ ಹೋಯಿತು. ಅವ್ವ ಕೂತಳು. ಎದ್ದಳು, ಮತ್ತೆ ಕೂತಳು, ಅತ್ತಿತ್ತ ಹೊರಳಿದಳು. ಅಪ್ಪ ಸ್ಟೂಲನ್ನು ತಲೆಕೆಳಗು ಮಾಡಿಸಿ ಬಾಗಿಲ ಬೆಳಕಿಗೆ ಹಿಡಿಸಿ ಸಂದು ನೋಡಿದರು. ಬೆಳಕು ಬರಲಿಲ್ಲ. ಕಾಕಾಗ ಹೇಳು, ನಲವತ್ತು ಹಾಕಸ್ಲಿ ಅಂದರು.

ದುಕಾನ ಉಳಿಯುತ್ತದೆ ಅನ್ನುವ ವಿಚಾರ ಬಂದ ಕೂಡಲೇ ತಲೆ ಕೊಡವಿದೆ. ನಾನು ವಿಚಾರ ಮಾಡಿದ್ದು ಆಗುವುದಿಲ್ಲ.

೧೫ ಮಾರ್ಚ್, ಭಾನುವಾರ

ಹಾಸ್ಟೆಲ್ಲಿನಲ್ಲೇ ಇದ್ದೆ. ಅಭಿನಂದನ ಅವರ ಫೋನ್ ಬಂತು: ಹೊಸ ಪ್ಲೈವುಡ್ ತರಿಸುತ್ತಿದ್ದೇನೆ, ಎಷ್ಟು ದಪ್ಪದ್ದು? ಆರು ಸೂತ ಅಂದೆ. ಸೈ ಅಂದರು. ಹೀಗೆ ಮಾತಾಡಿದ್ದು ದೊಡ್ಡವಳ ಹಾಗೆ ಅನ್ನಿಸಿತು.

೨೨ ಮಾರ್ಚ್, ಭಾನುವಾರ. ಮೂಡಲಗಿ

ಬರೆಯಬೇಕು.

ನಲವತ್ತರ ತುಂಡುಗಳೂ ಟೆಂಪೋದಲ್ಲಿ ದುಕಾನಕ್ಕೆ ಬಂದವು. ನೂರಾ ಇಪ್ಪತ್ತು ಹಲಗೆ, ಹೊಸ ವಾಸನೆ. ಅಪ್ಪ ಅವ್ವನ ಹೆಗಲು ಹಿಡಿದುಕೊಂಡು ದುಕಾನದವರೆಗೆ ನಡೆದು ಬಂದಿದ್ದರು, ಮೂರು ತಿಂಗಳ ಮೇಲೆ ಮೊದಲ ಸಲ. ನಾನೇ ಮೊದಲನೆಯದನ್ನು ಕೂಡಿಸಿದೆ. ಕೊಡತಿ ಬೇಕಾಗಲೇ ಇಲ್ಲ. ಕೊಂಬು ತಾನೇ ಜಾರಿ ಹೋಯಿತು. ಎಷ್ಟು ಸ್ಮೂತ್ ಅಂದುಕೊಂಡೆ. ಕೈ ಬಿಟ್ಟೆ. ಸ್ಟೂಲು ಕುಡಿದವನ ಹಾಗೆ ಒಂದು ಕಡೆ ವಾಲಿ ನಿಂತಿತು.

ಎರಡನೆಯದು. ಹತ್ತನೆಯದು. ಎಲ್ಲವೂ.

ಅಪ್ಪ ಎಡಗೈಯಿಂದ ಒಂದು ಕಾಲಿನ ಹಲಗೆ ಎತ್ತಿ ಅದರ ಅಂಚನ್ನು ಇನ್ನೊಂದರ ಸೀಳಿನಲ್ಲಿ ಇಟ್ಟು ಅಲ್ಲಾಡಿಸಿದರು. ಕಟಕಟ ಅಂತು. ಸಂದಿನಲ್ಲಿ ಉಗುರು ಹೋಗುತ್ತಿತ್ತು.

"ಎಷ್ಟ ಇಟ್ಟಿದ್ದಿ?"

"ಆರು ಸೂತ. ನೀವೇ ಹೇಳಿದ್ದಲ್ಲಪಾ. ಹತ್ತೊಂಬತ್ತು ಪಾಯಿಂಟ್ ಸೊನ್ನೆ ಐದು."

"ಈ ಹಲಗಿ?"

"ಇದೂ ಆರು ಸೂತನ. ಅಂಗಡ್ಯಾವರೂ ಅದನ್ನ ಅಂದಾರ."

ಅಪ್ಪ ಹಲಗೆ ಕೆಳಗಿಟ್ಟ. ಆಮೇಲೆ ಒಂದೊಂದೇ ಮಾತು ಕಿತ್ತು ತೆಗೆದ ಹಾಗೆ ಹೇಳಿದ. ಮೊದಲಿನ ಹಲಗೆ ಆರು ಸೂತ ಅಂದರೆ ಆರು ಸೂತ ಇರುತ್ತಿತ್ತಂತೆ. ಬರುಬರುತ್ತ ಕಂಪನಿಯವರು ತೆಳ್ಳಗೆ ಮಾಡುತ್ತ ಹೋದರು. ಅಂಗಡಿಯಲ್ಲಿ, ಬಡಗಿಯ ಬಾಯಲ್ಲಿ ಹೆಸರು ಮಾತ್ರ ಉಳಿಯಿತು. "ಆರು ಸೂತ ಅನ್ನೂದು ಅದರ ಹೆಸರ ಬೇಟಾ, ಅಳತಿ ಅಲ್ಲ. ನಮ್ಮ ಓಣ್ಯಾಗ ಬಾದಶಾ ಅಂತ ಒಬ್ಬ ಅದಾನ. ಅವಗೇನ ರಾಜ್ಯ ಐತಿ?"

ಅವ್ವ ನಕ್ಕಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು.

ಅಪ್ಪ ಹೆಸರು ಹೇಳಿದ್ದ. ನಾನು ಅದನ್ನು ಎರಡು ಡೆಸಿಮಲ್ಲಿನವರೆಗೆ ಲೆಕ್ಕ ಹಾಕಿದೆ. ಹಲಗೆ ಬಂದ ಮೇಲೆ ಅದನ್ನೇ ಇಟ್ಟು ಗೀರು ಹಾಕಬೇಕಿತ್ತು. ಅಷ್ಟನ್ನೇ ಅವನು ಫೆಬ್ರುವರಿಯಲ್ಲಿ ಹೇಳಿದ್ದು. ನಾನು ಸ್ವೀಟ್ ಅಂತ ಬರೆದಿದ್ದೆ. ಹಿಂದಿನ ಪುಟ ತೆಗೆದು ನೋಡಿದೆ, ಹಾಗೇ ಇದೆ.

೨೩ ಮಾರ್ಚ್

ಕಾಲೇಜಿಗೆ ಹೋಗಲಿಲ್ಲ. ಕೊರೆದ ಸೀಳು ಸಣ್ಣದಾಗುವುದಿಲ್ಲ. ಅಂಟು ಹಚ್ಚಿಬಿಡೋಣ, ಸರೇಸು ಅಲ್ಲದಿದ್ದರೆ ಬಿಳಿ ಅಂಟು ಅಂದೆ. ಬಿಚ್ಚಾಕ ಬರಬೇಕಂದಾರಲ್ಲ ಅಂದ ಅಪ್ಪ. ಮತ್ತೆ ಕೇಳಲಿಲ್ಲ.

೨೭ ಮಾರ್ಚ್, ಶುಕ್ರವಾರ. ಯುಗಾದಿ

ಬಾಜೂ ಮನೆಯ ಸಾವಿತ್ರವ್ವ ಹೋಳಿಗೆ ಕೊಟ್ಟು ಹೋದಳು. ದುಕಾನದಲ್ಲೇ ಕೂತು ತಿಂದೆವು. ಕೈ ತೊಳೆದರೂ ಹೋಳಿಗೆಗೆ ಜಾಲಿ ಕಟ್ಟಿಗೆಯ ವಾಸನೆ.

ಸಡಿಲ ಸಂದುಗಳಿಗೆ ಜಾಲಿ ಕಟ್ಟಿಗೆಯ ಬೆಣಿ, ಅಂದರೆ ಸಣ್ಣ ಚೂರು, ಕೆತ್ತಿ ಹೊಡೆಯುತ್ತಿದ್ದೇವೆ. ಒಂದು ಸ್ಟೂಲಿಗೆ ಆರು ಬೆಣಿ, ನಲವತ್ತಕ್ಕೆ ಇನ್ನೂರಾ ನಲವತ್ತು. ಕೂಡಿಸುವಾಗ ಹೊಡೆಯಬೇಕು, ಬಿಚ್ಚುವಾಗ ತಟ್ಟಿ ತೆಗೆಯಬೇಕು. ನಾನು ಮೊದಲು ಎಲ್ಲವನ್ನೂ ಒಂದೇ ಅಳತೆಗೆ ಕೆತ್ತಿಟ್ಟೆ. ಅರ್ಧ ಒಳಗೇ ಹೋಗಲಿಲ್ಲ, ಉಳಿದವು ಆ ಕಡೆಯಿಂದ ಬಿದ್ದವು. ಒಂದೇ ಮಶಿನ್ ಕೊರೆದ ಸಂದು, ಆದರೂ ಒಂದರ ಹಾಗೆ ಒಂದಿಲ್ಲ. ಹಲಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಈಗ ಸಂದಿನಲ್ಲಿ ಕಟ್ಟಿಗೆ ತುರುಕಿ, ಉಗುರಿನಿಂದ ಗೀರಿ, ಹೊರಗೆ ತೆಗೆದು ಅಷ್ಟೇ ಕೆತ್ತುತ್ತೇನೆ.

ಕೆತ್ತುವಾಗ ಕಟ್ಟಿಗೆ ಜಾರುತ್ತಿತ್ತು. ಹಿಡಿಯಲು ಅಪ್ಪನಿಗೆ ಒಂದೇ ಕೈ. ಅವನು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿದ, ಇಟ್ಟಂಗಿಯನ್ನು ಎತ್ತುವ ಹಾಗೆ, ತಂದು ಕಟ್ಟಿಗೆಯ ಮೇಲೆ ಇಟ್ಟ. ಭಾರಕ್ಕೆ ಕಟ್ಟಿಗೆ ಅಲುಗಲಿಲ್ಲ. "ಇದಕ್ಕಾದ್ರೂ ಬಂತಲ್ಲ" ಅಂದ. ಆ ಬೆರಳುಗಳ ಹತ್ತಿರವೇ ಉಳಿ ಓಡಿಸಬೇಕು. ತಾಗಿದರೂ ಅವನಿಗೆ ಗೊತ್ತಾಗುವುದಿಲ್ಲ. ಸಾವಕಾಶ ಓಡಿಸುತ್ತೇನೆ.

ಜಾಲಿಯ ತುಂಡೊಂದನ್ನು ಮೂಗಿಗೆ ಹಿಡಿದು ಇನ್ನೂ ಹಸಿ ಐತಿ ಅಂದ ಅಪ್ಪ. ಒಣಗಿದ್ದು ಬೇಕಾದರೆ ತಿಂಗಳು ತಡೆಯಬೇಕು. ನಮಗಿರುವುದು ಹನ್ನೊಂದು ದಿನ. ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

೨ ಏಪ್ರಿಲ್

ಮೂವತ್ತೊಂದು ಆಯಿತು. ಹೆಬ್ಬೆರಳಿಗೆ ಗಂಟು ಬಂದಿದೆ. ಇವತ್ತು ಫಿಜಿಕ್ಸ್ ಇಂಟರ್ನಲ್ಸ್ ಇತ್ತು ಅಂತ ಸಂಜೆ ನೆನಪಾಯಿತು. ಮಾಲಿಂಗಪ್ಪ ಬಾಗಿಲಲ್ಲಿ ನಿಂತು, ಹೆಣ್ಮಗಳ ಕೈಲೆ ರಂದಾ ಹೊಡಸ್ತಿ ಏನಪಾ ಜಾಫರಸಾಬ ಅಂದ. ಅಪ್ಪ ತಲೆ ಎತ್ತದೆ, ನಿನ್ನ ಮಗಾ ಬರ್ತಾನಂದ್ರ ಅವನ ಕೈಲೂ ಹೊಡಸ್ತೇನಿ ಕಳಸು ಅಂದ. ಮಾಲಿಂಗಪ್ಪನ ಮಗ ಮೊಬೈಲ್ ಅಂಗಡಿ ಇಡುವವನಿದ್ದಾನೆ, ಇದೇ ದುಕಾನದಲ್ಲಿ.

೫ ಏಪ್ರಿಲ್, ಭಾನುವಾರ. ಗೋಕಾಕದಿಂದ ಬಂದ ಮೇಲೆ

ಬಸದಿಯ ಬಾಜೂ ಹಾಲ್‌ನಲ್ಲಿ ನಲವತ್ತೂ ಸಾಲಾಗಿ ಇಟ್ಟೆವು. ಅಪ್ಪ ಬರಲೇಬೇಕು ಅಂತ ಟೆಂಪೋದಲ್ಲಿ ಮುಂದೆ ಕೂತು ಬಂದಿದ್ದ. ಬಿಳಿ ಅಂಗಿ ಹಾಕಿದ್ದ, ಗುಂಡಿ ಅವ್ವ ಹಚ್ಚಿದ್ದು. ದಾರಿಯುದ್ದಕ್ಕೂ ಬಿಸಿಲು. ತಾಡಪತ್ರಿಯ ಕೆಳಗೆ ಸ್ಟೂಲುಗಳು ಒಲೆಯಲ್ಲಿಟ್ಟ ಹಾಗೆ ಕಾದಿದ್ದವು.

ಕಾಕಾನ ತಾಯಿ ಸುಂದರಾಬಾಯಿ ಅಂತ, ಎಂಬತ್ತು ದಾಟಿದ್ದಾರೆ. ಮೊದಲು ಅವರೇ ಕೂರಲಿ ಅಂದರು ಕಾಕಾ. ಅಜ್ಜಿ ಕೋಲು ಸೊಸೆಯ ಕೈಗೆ ಕೊಟ್ಟು ಕೂತರು. ನಿಂತಿತು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಸ್ಟೂಲಿನ ಕಾಲು ನೋಡುತ್ತಿದ್ದ. ಚಲೋ ಆಗೈತಿ, ಎತ್ತರಾನೂ ಬರೋಬರಿ ಐತಿ ಅಂದರು ಅಜ್ಜಿ. ಬಾಜೂದವಳ ಜೊತೆ ಮಾತಾಡಲು ಹೊರಳಿದರು. ಆಗ ಸಣ್ಣ ಸದ್ದು. ಒಂದು ಬೆಣಿ ನೆಲಕ್ಕೆ ಬಿತ್ತು. ಇನ್ನೊಂದು. ಸ್ಟೂಲು ವಾಲಿತು. ಸೊಸೆ ಹಿಡಿದುಕೊಂಡಳು, ಅಜ್ಜಿ ಬೀಳಲಿಲ್ಲ.

ಅಜ್ಜಿ ನಿಧಾನಕ್ಕೆ ಎದ್ದು, ಬಗ್ಗಿ, ಬೆಣಿ ಹುಡುಕಿ ಎತ್ತಿದರು. ಅಪ್ಪನ ಮುಂದೆ ಹಿಡಿದರು. "ನಿಮ್ಮದಿದು ಬಿತ್ತ ನೋಡ್ರಿ."

ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಉದುರಿದ ಗುಂಡಿಯನ್ನು ಕೊಡುವ ಹಾಗೆ ಕೊಟ್ಟರು. ಅಪ್ಪ ಎಡಗೈಯಲ್ಲಿ ತಗೊಂಡು ಅಂಗಿಯ ಕಿಸೆಗೆ ಹಾಕಿಕೊಂಡ.

ಉಳಿದವನ್ನು ಮುಟ್ಟಿ ನೋಡಿದೆ. ಬಿಸಿಲಿಗೆ ಜಾಲಿ ಒಣಗಿ ಸೊರಗಿತ್ತು. ಅರ್ಧಕ್ಕರ್ಧ ಬೆಣಿ ಬೆರಳಿಗೇ ಬಂದವು. ಧರಣೇಂದ್ರ ಕಾಕಾ ಅಪ್ಪನನ್ನು ಖುರ್ಚಿಯ ಮೇಲೆ ಕೂರಿಸಿ ತಾವು ನಿಂತೇ ಮಾತಾಡಿದರು. ಹಲಗೆಯ ಖರ್ಚು ಕಮಿಟಿಯದು, ಅದರ ಮಾತು ಬೇಡ ಅಂದರು. "ಜಾಫರಸಾಬ, ನಿಮ್ಮ ಕೈ ಮ್ಯಾಲ ನಂದ ಸಂಶೆ ಇಲ್ರಿ. ಆದ್ರ ವಯಸ್ಸಾದವರು ಒಬ್ರು ಬಿದ್ರ ನಾ ಏನ ಹೇಳ್ಲಿ?" ಜಯಂತಿಗೆ ಪ್ಲಾಸ್ಟಿಕ್ ಖುರ್ಚಿ ತರಿಸಿದ್ದಾರೆ. ನಾವು ಹೊರಡುವಾಗಲೇ ಇಳಿಸುತ್ತಿದ್ದರು. ಒಂದರೊಳಗೊಂದು ಹೊಕ್ಕು, ಗೋಪುರದ ಹಾಗೆ. ಬೆಣಿ ಇಲ್ಲ, ಸೂತ ಇಲ್ಲ.

ಕೈ ಅಪ್ಪನದಲ್ಲ, ನನ್ನದು ಅಂತ ಹೇಳಬೇಕಿತ್ತು. ಟೆಂಪೋ ಘಟಪ್ರಭಾ ದಾಟುವಾಗ ಹೇಳಿದೆ. ಗೊತ್ತೈತಿ ಅಂದ ಅಪ್ಪ. ಆಮೇಲೆ, ಹಸಿ ಕಟಗಿ ಅಂತ ನನಗೂ ಗೊತ್ತಿತ್ತಲ್ಲ ಅಂದ.

೧೨ ಏಪ್ರಿಲ್, ಭಾನುವಾರ

ಕೀಲಿ ಕೊಟ್ಟೆವು. ರಂದಾ, ಉಳಿ, ಕರಗಸ ಎಲ್ಲಾ ಗೋಣಿಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ಇಟ್ಟಿದ್ದೇವೆ. ಮಾಲಿಂಗಪ್ಪನ ಮಗ ಗೋಡೆಗೆ ನೀಲಿ ಬಣ್ಣ ಹೊಡೆಸುತ್ತಿದ್ದ. ಅಪ್ಪ ಅಳತೆಯ ಗೀರು ಹಾಕಿಡುತ್ತಿದ್ದ ಗೋಡೆಯೂ ನೀಲಿ ಆಯಿತು.

ನಲವತ್ತೂ ಸ್ಟೂಲು ಬಿಚ್ಚಿ ಮನೆಯ ಹಿಂದಿನ ಗೋಡೆಗೆ ಆನಿಸಿದ್ದೇವೆ. ಕಾಕಾ ಹೇಳಿದ ಹಾಗೆಯೇ, ರೊಟ್ಟಿಯ ಹಾಗೆ ಬಿದ್ದಿವೆ. ಮೂರು ಮಂದಿಗೆ ನಲವತ್ತು ಕುಂದ್ರೂ ಮಣಿ, ಊರಿಗೆ ಊರ ಬೀಗತನಕ್ಕ ಬಂದ್ರೂ ಕುಂಡ್ರಸಬಹುದು ಅಂದಳು ಅವ್ವ. ಕೂರುವ ಹಲಗೆಯೊಂದನ್ನು ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದಾಳೆ. ಅಪ್ಪ ಇಡೀ ದಿನ ಬಾಗಿಲ ಕಡೆ ಬೆನ್ನು ಮಾಡಿ ಕೂತಿದ್ದ. ಮಾತಾಡಿಸಿದರೆ ಹೂಂ.

೧೫ ಏಪ್ರಿಲ್

ಏನೂ ಇಲ್ಲ.

೨೯ ಏಪ್ರಿಲ್, ಬುಧವಾರ. ಹುಕ್ಕೇರಿ, ಹಾಸ್ಟೆಲ್

ವರ್ಕ್‌ಶಾಪ್ ಇಂಟರ್ನಲ್ಸ್. ಎರಡು ತುಂಡು ಕಟ್ಟಿಗೆ ಕೊಟ್ಟು ಅಡ್ಡ ಕೂಡಿಸಲು ಹೇಳಿದರು. ಒಂದನ್ನು ಇನ್ನೊಂದರ ಮೇಲಿಟ್ಟು ಗೀರಿ, ಗೀರಿನ ಒಳಗಿಂದ ಕೊರೆದೆ. ಕೊಡತಿಯ ಎರಡು ಏಟಿಗೆ ಕೂತಿತು. ಸರ್ ಕಿಟಕಿಗೆ ಹಿಡಿದು ನೋಡಿದರು. ಆಮೇಲೆ ರೆಕಾರ್ಡ್ ಬುಕ್ ನೋಡಿದರು. ಅಳತೆಯ ಕಾಲಂ ಖಾಲಿ. ಸ್ಕೇಲ್ ಎಲ್ಲಿ ಅಂತ ಕೇಳಿದರು. ತಗೊಂಡೇ ಇಲ್ಲರಿ ಸರ್ ಅಂದೆ. ಪ್ರೊಸೀಜರ್ ತಪ್ಪು ಅಂತ ಇಪ್ಪತ್ತಕ್ಕೆ ಎಂಟು ಹಾಕಿದರು. ಮ್ಯಾಥ್ಸ್ ಹೋಯಿತು, ಫಿಜಿಕ್ಸ್ ಹೋಯಿತು, ಈಗ ಇದೂ. ವರ್ಷ ಉಳಿಯುವುದಿಲ್ಲ ಅಂತ ಕಾಣುತ್ತದೆ.

ಸಂಜೆ ಮನೆಗೆ ಫೋನ್ ಹಚ್ಚಿದೆ. ಅಪ್ಪ ಈಗ ಫೋನಿಗೆ ಬರುವುದಿಲ್ಲ. ಅವ್ವ ಅವನ ಕಿವಿಗೆ ಹಿಡಿದಳು. ಆದದ್ದು ಹೇಳಿದೆ.

"ಎಷ್ಟ ಸೂತ ಇತ್ತ ಕಟಗಿ?"

"ಗೊತ್ತಿಲ್ಲಪಾ. ನಾ ನೋಡ್ಲಿಲ್ಲ."

ಆ ಕಡೆಯಿಂದ ಒಂದು ಸದ್ದು ಬಂತು. ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಅವ್ವ ಫೋನ್ ತಗೊಂಡಳು. ನಿನ್ನ ಆ ಮುಚ್ಚಳದ ನಾಕು ತೂತಿನ್ಯಾಗಿಂದ ಇಲಿ ಹೊಕ್ಕು ಹಿಟ್ಟು ಕೆಡಸೈತಿ, ಆಯತವಾರ ಬಂದು ಬೆಣಿ ಹೊಡದು ಹೋಗು ಅಂತ ಬೈದಳು.

ಜಾಲಿ ಈಗ ಒಣಗಿರುತ್ತದೆ.